ಪ್ರಭುಗಳು ಕಣ್ಣಾರೆ ಕಂಡದ್ದು

ಮಂಗಳೂರಿನ ಸಿಸಿಲಿಯಾ ಬಾಯಿಯವರ ಬೇಕರಿ ವ್ಯಾನು ಮೋರಿಯ ಕಟ್ಟೆಗೆ ಗುದ್ದಿತ್ತು. ವಿಮೆಯ ಸರ್ವೇಯರ್ ಪ್ರಭುಗಳು ಹೊರಗಿನ ನೆಗ್ಗನ್ನಷ್ಟೇ ನೋಡಿ ಸಣ್ಣ ಮೊತ್ತ ಮಂಜೂರು ಮಾಡಿದರು. ಗ್ಯಾರೇಜಿನಲ್ಲಿ ಬಿಚ್ಚಿದರೆ ಒಳಗೆ ರೇಡಿಯೇಟರೂ ಒಡೆದಿತ್ತು. ಆ ಮೊತ್ತ ರಿಪೇರಿಗೆ ಸಾಲುವಂತಿರಲಿಲ್ಲ. ವ್ಯಾನಿಲ್ಲದೆ ಬ್ರೆಡ್ಡು ಅಂಗಡಿಗಳಿಗೆ ಹೋಗುವಂತಿರಲಿಲ್ಲ. ಸಿಸಿಲಿಯಾ ಪ್ರಭುಗಳಿಗೆ ಫೋನು ಮಾಡಿದರು.

“ಒಮ್ಮೆ ಬಂದು ನೋಡಿ ಮಾರಾಯ್ರೆ.”

“ಎರಡನೇ ಸಲ ಬರುವವನು ನಾನಲ್ಲ. ನಾನು ಕಣ್ಣಾರೆ ಕಂಡದ್ದಕ್ಕೆ ಮಾತ್ರ ದುಡ್ಡು!”

ಮರುದಿನ ಸಿಸಿಲಿಯಾ ಬಿಚ್ಚಿದ ವ್ಯಾನನ್ನು ಎಳೆಸಿ ತಂದು, ಪ್ರಭುಗಳ ಕಚೇರಿಯ ಗೇಟಿಗೆ ಅಡ್ಡ ನಿಲ್ಲಿಸಿದರು. ಪ್ರಭುಗಳು ಓಡೋಡಿ ಬಂದರು.

“ಇದೆಂಥದು ಬಾಯಿ? ರೇಡಿಯೇಟರ್ ಒಡೆದು, ಅಡಿಯ ಚಾಸಿ ಬಾಗಿದ ಗುಜರಿಯನ್ನು ಇಲ್ಲಿಗೆ ಯಾಕೆ ತಂದಿರಿ?”

ಬೀದಿಯವರೆಲ್ಲ ಕೇಳಿಸಿಕೊಂಡರು. ಪ್ರಭುಗಳು ವಿಧಿಯಿಲ್ಲದೆ ವರದಿ ತಿದ್ದಲು ಪೆನ್ನು ತೆಗೆದರು.

“ಚಾಸಿ ಬಾಗಿದ್ದು ನಮ್ಮ ಮೆಕ್ಯಾನಿಕ್‌ಗೂ ಕಂಡಿರಲಿಲ್ಲ ಸರ್,” ಎಂದರು ಸಿಸಿಲಿಯಾ, “ಅದನ್ನೂ ಸೇರಿಸಿಬಿಡಿ.”