ಹೆಂಡ್ರಿಕಾ ಸತ್ತ ಗಂಡನ ಮೇಲೆ ಹೊರಿಸಿದ ಅಪವಾದ

ಹಾಲೆಂಡಿನ ಒಂದು ಊರು. ಅಲ್ಲಿ ಕಾಲುವೆ ಬೀದಿಯಲ್ಲಿ ಹೆಂಡ್ರಿಕಾ ಅಂತ ಒಬ್ಬ ವಿಧವೆ ಇದ್ದಳು. ಬಟ್ಟೆ ಇಸ್ತ್ರಿ ಮಾಡುವುದು ಕಸುಬು. ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, ಬಾಯಲ್ಲಿ ಬೀದಿಯವರ ಸಂಸಾರ. ಯಾರ ಅಂಗಿಯ ಕಾಲರಿಗೆ ಯಾರ ತುಟಿಯ ಬಣ್ಣ ಹತ್ತಿದೆ ಅನ್ನುವುದು ಆ ಅಂಗಿಯವನ ಹೆಂಡತಿಗಿಂತ ಮೊದಲು ಇವಳಿಗೆ ಗೊತ್ತು. ಎಲ್ಲರ ಮನೆಯ ಗುಟ್ಟು ಬಿಚ್ಚಿದ ಮೇಲೆ ಕಡೆಗೆ ಸತ್ತ ಗಂಡನ ಬಗ್ಗೆ ಒಂದು ಮಾತು ಸೇರಿಸದೆ ಬಿಡಳು.

“ನಮ್ಮ ಕೋಬಸ್ ಮಾತ್ರ ಅಪರಂಜಿ ಕಣ್ರೀ. ಸಾಯೋವರೆಗೂ ಇನ್ನೊಬ್ಬ ಹೆಂಗಸಿನ ಕಡೆ ಕತ್ತು ಹೊರಳಿಸಲಿಲ್ಲ.”

ಅದು ನಿಜವೇ. ಹೊರಳಿಸಿದ್ದರೆ ಕತ್ತು ಉಳಿಯುತ್ತಿರಲಿಲ್ಲ ಬಿಡಿ.

ಪಕ್ಕದ ಮನೆಯಲ್ಲಿ ರೋಸೆಟ್ ಎಂಬ ಯಹೂದಿ ಹುಡುಗಿ, ಹತ್ತೊಂಬತ್ತು ವರ್ಷದವಳು. ಅಪ್ಪ ಅಮ್ಮ ಇಬ್ಬರೂ ಕಾಯಿಲೆ ಬಿದ್ದು ತೀರಿಕೊಂಡಿದ್ದರು. ಅವಳಿಗೆ ತಲೆ ಬಾಚಿದ್ದು, ಉಣ್ಣಿಸಿದ್ದು, ಬೈದದ್ದು ಎಲ್ಲ ಹೆಂಡ್ರಿಕಾಳೇ. ಬೈದದ್ದು ಸ್ವಲ್ಪ ಜಾಸ್ತಿ.

ಆಗ ಯುದ್ಧ ಬಂತು. ನಾಜಿಗಳು ಊರು ಹಿಡಿದರು. ಯಹೂದಿ ಯಾರು, ಅಲ್ಲದವರು ಯಾರು ಅಂತ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಜನರನ್ನು ಆರಿಸಲು ಕೂತರು. ಹೇಗೆ ಆರಿಸುತ್ತಿದ್ದರು ಗೊತ್ತೇ? ನೀನು ಒಳ್ಳೆಯವನೋ ಕೆಟ್ಟವನೋ ಅಂತ ಕೇಳುವುದಿಲ್ಲ. ನಿನ್ನ ಅಜ್ಜ ಅಜ್ಜಿಯರು ಯಾರು ಅಂತ ಕೇಳುವುದು. ನಾಲ್ವರಲ್ಲಿ ಮೂವರು ಯಹೂದಿಗಳಾದರೆ ನೀನು ಪೂರಾ ಯಹೂದಿ. ಗುರುತಿನ ಚೀಟಿಗೆ ಮುದ್ರೆ, ಎದೆಗೆ ಹಳದಿ ನಕ್ಷತ್ರ, ಆಮೇಲೆ ರೈಲು. ಆ ರೈಲು ಹತ್ತಿದವರು ಮರಳಿ ಬರುತ್ತಿರಲಿಲ್ಲ. ಇಬ್ಬರೇ ಆದರೆ ನೀನು ಅರ್ಧ. ಯಹೂದಿಗಳ ಪ್ರಾರ್ಥನೆಗೆ ಹೋಗದಿದ್ದರೆ ಮನೆಯಲ್ಲೇ ಇರಬಹುದು.

ರೋಸೆಟ್‌ಗೆ ನಾಲ್ವರೂ ಯಹೂದಿಗಳೇ. ಕಚೇರಿಗೆ ಕರೆಸಿ, ಕಬ್ಬಿಣದ ಇಕ್ಕಳದಂಥದ್ದು ಹಿಡಿದು ಅವಳ ಮೂಗು ಅಳೆದರು. ‘ಪಕ್ಕಾ ಯಹೂದಿ ಮೂಗು’ ಅಂತ ಬರೆದುಕೊಂಡರು. ವಾರದೊಳಗೆ ರೈಲು ಹತ್ತು ಅಂತ ಕಾಗದ ಬಂತು.

ಕಾಗದ ನೋಡಿ ಹೆಂಡ್ರಿಕಾ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೇ ಮರೆತಳು. ಅಂಗಿ ಸುಟ್ಟು ಕರಕಲಾಯಿತು. ಅಷ್ಟರಲ್ಲಿ ಅವಳಿಗೆ ಒಂದು ದಾರಿ ಹೊಳೆದಿತ್ತು.

“ನಡಿಯೇ ಕಚೇರಿಗೆ. ನೀನು ನಮ್ಮ ಕೋಬಸ್‌ಗೆ ಹುಟ್ಟಿದವಳು ಅಂತ ಹೇಳ್ತೀನಿ. ಅವನ ಅಪ್ಪ ಅಮ್ಮ ಕ್ರೈಸ್ತರು. ಅಲ್ಲಿಗೆ ನೀನು ಅರ್ಧ ಆದೆ.”

ರೋಸೆಟ್ ಬೆಚ್ಚಿಬಿದ್ದಳು. “ದೊಡ್ಡಮ್ಮಾ! ಸತ್ತ ನನ್ನ ಅಮ್ಮನ ಹೆಸರು ಕೆಡಿಸ್ತೀರಾ?”

“ನಿನ್ನಮ್ಮ ಇದ್ದಿದ್ದರೆ ಅವಳೇ ಓಡಿಹೋಗಿ ಹೇಳ್ತಿದ್ದಳು. ಬಾಯಿ ಮುಚ್ಕೊಂಡು ಕೋಟು ಹಾಕ್ಕೋ.”

ಕಚೇರಿಯಲ್ಲಿ ಅಧಿಕಾರಿ ಮೇಲಿಂದ ಕೆಳಗೆ ನೋಡಿದ. “ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಗಂಡ ಪಕ್ಕದ ಮನೆ ಹೊಕ್ಕ ಅಂತ ಯಾವ ಹೆಂಡತಿ ಡಂಗುರ ಹೊಡೀತಾಳೆ ಸಾಹೇಬರೇ? ನಿಮ್ಮವರು ಹೊಡೀತಾರಾ?”

ಗುಮಾಸ್ತರು ಕಿಸಕ್ಕೆಂದರು. ಅಧಿಕಾರಿಯ ಕಿವಿ ಕೆಂಪಾಯಿತು. “ಸುಳ್ಳು ಅಂತ ಗೊತ್ತಾದರೆ ನಿನ್ನನ್ನೂ ಅದೇ ರೈಲಿಗೆ ಹತ್ತಿಸ್ತೀನಿ. ಸಾಕ್ಷಿ ಏನಿದೆ?”

ನಲವತ್ತು ವರ್ಷ ಪಳಗಿದ ಹೆಂಡ್ರಿಕಾಳ ನಾಲಿಗೆ ತಡವರಿಸಲಿಲ್ಲ. “ಇವಳ ಅಮ್ಮನ ಗಂಡ ಊರಿಗೆ ಹೋದ ದಿನವೇ ನಮ್ಮ ಕೋಬಸ್‌ಗೆ ಹೊಟ್ಟೆನೋವು, ಕೆಲಸಕ್ಕೆ ರಜೆ. ದಾಟಿ ದಾಟಿ ಹಿತ್ತಿಲ ಬೇಲಿ ಸವೆದುಹೋಗಿತ್ತು. ಒಂದು ದಿನ ನೋಡ್ತೀನಿ, ನಾನು ಹೆಣೆದ ಬನಿಯನ್ ಅವಳ ಹಗ್ಗದ ಮೇಲೆ ಒಣಗ್ತಾ ಇದೆ! ನಾನು ಹೆಣೆದದ್ದು ಸ್ವಾಮಿ!” ಅಂತ ಗೊಳೋ ಅಂತ ಅತ್ತಳು. ಅಳು ಸುಳ್ಳಲ್ಲ. ಒಂದೊಂದು ಮಾತಿಗೂ ಒಳಗೊಳಗೇ ಕೋಬಸನ ಕಾಲು ಹಿಡಿಯುತ್ತಿದ್ದಳು.

“ಹುಡುಗಿ ಯಹೂದಿಗಳ ಪ್ರಾರ್ಥನೆಗೆ ಹೋಗ್ತಾಳಾ?”

“ಮುಖ ತೊಳೆಯೋಕೇ ಎಬ್ಬಿಸಬೇಕು ಈ ಸೋಮಾರಿನ. ಪ್ರಾರ್ಥನೆಗೆ ಏಳ್ತಾಳಾ?”

ಅಧಿಕಾರಿ ಕೋಬಸನ ಫೋಟೋ ತರಿಸಿ ಹುಡುಗಿಯ ಮುಖದ ಪಕ್ಕದಲ್ಲಿಟ್ಟ. ಮತ್ತೆ ಅದೇ ಇಕ್ಕಳ, ಅದೇ ಮೂಗು, ಅದೇ ಅಳತೆ. “ಹೌದಲ್ಲ! ನೆಟ್ಟಗಿನ ಮೂಗು. ನಮ್ಮ ಜನದ್ದೇ,” ಅಂತ ತಲೆದೂಗಿ, ಹಳೆಯ ಚೀಟಿ ಹರಿದು ಹೊಸದಕ್ಕೆ ‘ಅರ್ಧ’ ಅಂತ ಮುದ್ರೆ ಒತ್ತಿದ. ಮೂಗು ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಇವರು ಬೀದಿ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಎದುರು ಮನೆಯ ವಿಲೆಮಿನಾ ಬಾಗಿಲಲ್ಲೇ ಕಾದಿದ್ದಳು. “ಏನಮ್ಮಾ, ಅಪರಂಜಿ ಹಿತ್ತಾಳೆ ಆಯ್ತಂತೆ?”

ನಿಜ ಹೇಳಿದರೆ ಹುಡುಗಿಯ ಜೀವ ಹೋಗುತ್ತದೆ. ಹೆಂಡ್ರಿಕಾ ನಾಲಿಗೆ ಕಚ್ಚಿಕೊಂಡಳು. “ಹೂಂ ಕಣಮ್ಮಾ. ಗಂಡಸರೆಲ್ಲ ಒಂದೇ,” ಅಂದು ತಲೆ ತಗ್ಗಿಸಿ ನಡೆದಳು. ಅವಳು ತಲೆ ತಗ್ಗಿಸಿದ್ದನ್ನು ಆ ಬೀದಿ ಕಂಡದ್ದು ಅದೇ ಮೊದಲು.

ಭಾನುವಾರ ಗೋರಿಯ ಹತ್ತಿರ ಹೋಗಿ ಕೂತಳು. “ಕೋಬಸ್, ಬೈಬೇಡ ಮಾರಾಯ. ಮಕ್ಕಳಿಲ್ಲ ಮಕ್ಕಳಿಲ್ಲ ಅಂತ ಕೊರಗ್ತಾನೇ ಹೋದೆಯಲ್ಲ, ಈಗ ಒಬ್ಬಳು ಮಗಳಿದಾಳೆ ನೋಡು. ಅಡುಗೆ ಬರಲ್ಲ. ಆದರೆ ಬದುಕಿದಾಳೆ.”

ನೀತಿ: ಹುಟ್ಟು ನೋಡಿ ಮನುಷ್ಯರನ್ನು ಬೇರ್ಪಡಿಸುವವನು ಮೂಗನ್ನು ನೋಡುವುದಿಲ್ಲ, ತನ್ನ ಚೀಟಿಯನ್ನು ನೋಡುತ್ತಾನೆ. ಅಂಥವನ ಕೈಗೆ ನೆರೆಯವರನ್ನು ಕೊಡಬೇಡಿ. ಅವರನ್ನು ಉಳಿಸಲು ನಿಮ್ಮ ಒಳ್ಳೆಯ ಹೆಸರನ್ನೇ ಕೊಡಬೇಕಾಗಿ ಬಂದರೆ, ಕೊಟ್ಟುಬಿಡಿ.