ಬೇಡ ಅಂದವರು ಯಾರು

ಕಪಿಲೆಯ ದಡದಲ್ಲಿ ಒಂದು ಸಣ್ಣ ಆಶ್ರಮ. ಹೆಂಚು ಹೊದಿಸಿದ ಎರಡು ಕೋಣೆ, ಒಂದು ಮರದ ಶಿಲುಬೆ, ಅಂಗಳದಲ್ಲಿ ಒಂದು ಹೊಂಗೆ ಮರ. ಅಲ್ಲಿ ಜ್ಞಾನಮ್ಮ ಎಂಬ ವೃದ್ಧೆ ಒಬ್ಬರೇ ಇದ್ದರು. ಊರಿನವರು ಅವರನ್ನು ಗುರುವಮ್ಮ ಎನ್ನುತ್ತಿದ್ದರು.

ಇನ್ನಾಸಪ್ಪ ಅವರ ಶಿಷ್ಯ. ನೂಲಿನ ಕಾರ್ಖಾನೆಯಲ್ಲಿ ಕೆಲಸಗಾರ. ಆ ವರ್ಷದ ಮಳೆಗಾಲದಲ್ಲಿ ಅವನ ಹೆಂಡತಿ ರೆಜಿನಾ ಜ್ವರ ಬಂದು ತೀರಿಕೊಂಡಿದ್ದಳು. ಅಲ್ಲಿಂದೀಚೆಗೆ ಅವನು ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ನೇರ ಇಲ್ಲಿಗೆ ಬರುತ್ತಿದ್ದ.

"ಗುರುವಮ್ಮ, ನನಗೆ ಮೌನ ಕಲಿಸಿ" ಎಂದು ಮೊದಲ ದಿನ ಕೇಳಿದ್ದ.

ಅವರು ತಮ್ಮ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿದ್ದರು. ಪಾಠ ಅಷ್ಟೇ.

ಡಿಸೆಂಬರಿನ ಒಂದು ಭಾನುವಾರ ಅವನು ಬಂದಾಗ ಮುಖದಲ್ಲಿ ಸ್ವಲ್ಪ ಗೆಲುವಿತ್ತು.

"ಗುರುವಮ್ಮ, ನೀವು ಕಲಿಸಿದ್ದು ನನ್ನ ಮನೆಗೂ ಬಂತು. ಈಗ ನಮ್ಮನೇನೂ ಈ ಆಶ್ರಮದ ಹಂಗೇ ಇರ್ತದೆ. ಒಂದು ಸದ್ದಿಲ್ಲ."

"ಮಕ್ಕಳು?"

"ಮಕ್ಕಳೂ ಅಷ್ಟೆ. ಕ್ರಿಸ್ಮಸ್ ಬಂತು. ಹೊಸ ಬಟ್ಟೆ ಬೇಕು, ನಕ್ಷತ್ರ ಬೇಕು, ಕೇಕು ಬೇಕು ಅಂತ ಹೋದ ವರ್ಷ ಕುಣೀತಿದ್ದವು. ಈ ಸಲ ಒಂದನ್ನೂ ಕೇಳಿಲ್ಲ. ದೇವರು ಒಳ್ಳೆ ಮಕ್ಕಳನ್ನ ಕೊಟ್ಟಿದ್ದಾನೆ."

ಗುರುವಮ್ಮ ಎದ್ದರು. ಬಾಗಿಲ ಹಿಂದಿದ್ದ ಕೋಲು ತೆಗೆದುಕೊಂಡರು.

"ಎಲ್ಲಿಗೆ?" ಎಂದ ಇನ್ನಾಸಪ್ಪ. ಅವರು ಆಶ್ರಮ ಬಿಟ್ಟು ಹೊರಗೆ ಹೋಗುವುದೇ ಅಪರೂಪ.

"ನಿನ್ನ ಮನೆಗೆ. ಏನೂ ಕೇಳದ ಮಕ್ಕಳನ್ನ ನಾನು ನೋಡಿಲ್ಲ."

ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಅವನ ಬಾಡಿಗೆ ಮನೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ಇವನ ಬಾಗಿಲಲ್ಲಿ ಏನೂ ಇರಲಿಲ್ಲ.

ಮಗಳು ಲೂರ್ದು ಗುರುವಮ್ಮನಿಗೆ ಚಾಪೆ ಹಾಸಿದಳು. ಕೇಳುವ ಮೊದಲೇ ಕಾಫಿಗೆ ಇಟ್ಟಳು. ಹತ್ತು ವರ್ಷದ ಹುಡುಗಿ, ನಡಿಗೆ ಮಾತ್ರ ದೊಡ್ಡವರದು. ತಮ್ಮ ಸವರಿ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಐದಿರಬಹುದು.

"ಹಬ್ಬಕ್ಕೆ ನಿನಗೇನು ಬೇಕು, ಲೂರ್ದು?"

"ಏನೂ ಬೇಡ ಗುರುವಮ್ಮ."

"ನಿನಗೋ, ಮರಿ?"

ಸವರಿ ಅಕ್ಕನ ಮುಖ ನೋಡಿದ.

"ಏನೂ ಬೇಡ."

"ಯಾಕೆ ಬೇಡ?"

"ಅಮ್ಮ ಬೇಡ ಅಂದಿದ್ದಾಳೆ. ಹಬ್ಬ ಮಾಡಿದ್ರೆ ಅಮ್ಮನಿಗೆ ಕೋಪ ಬರ್ತದೆ."

ಇನ್ನಾಸಪ್ಪ ತಲೆ ತಗ್ಗಿಸಿದ. "ಸಾವಾದ ವರ್ಷ ಹಬ್ಬ ಮಾಡೋ ಹಂಗಿಲ್ಲ, ಅಮ್ಮನಿಗೆ ಕೋಪ ಬರ್ತದೆ ಅಂತ ನಾನೇ ಹೇಳಿದ್ದೆ ಗುರುವಮ್ಮ. ಎಲ್ಲರ ಮನೇಲೂ ಇರೋ ಪದ್ಧತಿನೇ ಅಲ್ವಾ?"

ಗುರುವಮ್ಮ ಕೋಲೂರಿ ಎದ್ದರು. ಗೋಡೆಯ ಮೇಲೆ ರೆಜಿನಾಳ ಫೋಟೋ ಇತ್ತು. ಅದರ ಮುಂದೆ ಹೋಗಿ ನಿಂತರು.

"ರೆಜಿನಾ, ನೀನು ಹಾಗಂದ್ಯಾ?"

ಜೋರಾಗಿಯೇ ಕೇಳಿದರು. ಕೇಳಿ, ಉತ್ತರಕ್ಕೆ ಕಾಯುವವರಂತೆ ನಿಂತರು. ಒಲೆಯ ಮೇಲೆ ಕಾಫಿ ಉಕ್ಕಿತು. ಯಾರೂ ಇಳಿಸಲಿಲ್ಲ.

ಆಮೇಲೆ ಗುರುವಮ್ಮ ಕಾಫಿ ಕುಡಿಯದೆ ಹೊರಗೆ ನಡೆದರು. ಇನ್ನಾಸಪ್ಪ ಗಲ್ಲಿಯ ತಿರುವಿನಲ್ಲಿ ಓಡಿಬಂದು ಅವರನ್ನು ಹಿಡಿದ.

"ಮಕ್ಕಳ ಮುಂದೆ ನನ್ನ ಮಾನ ತೆಗೆದ್ರಲ್ಲ ಗುರುವಮ್ಮ."

"ಇನ್ನೂ ತೆಗೆದಿಲ್ಲ. ಅವಳು ಉತ್ತರ ಕೊಡಲಿಲ್ವಲ್ಲ."

"ಕಾರ್ಖಾನೆ ವಾರದಲ್ಲಿ ಮೂರು ದಿನ ಬಾಗಿಲು ಹಾಕಿರ್ತದೆ. ಬಾಡಿಗೆ ಕೊಟ್ರೆ ಅಕ್ಕಿಗೆ ಸಾಲಲ್ಲ. ಅಪ್ಪನ ಕೈಲಿ ಆಗಲ್ಲ ಅಂತ ಆ ಮಕ್ಕಳಿಗೆ ಯಾವ ಬಾಯಲ್ಲಿ ಹೇಳಲಿ? ಸಾವಿನ ವರ್ಷ ಅಂದ್ರೆ ಊರೇ ಒಪ್ಕೊಳ್ತದೆ. ಯಾರೂ ಎದುರು ಕೇಳಲ್ಲ."

"ಹೋದ ಕ್ರಿಸ್ಮಸ್‌ಗೆ ಕೈತುಂಬ ದುಡ್ಡಿತ್ತಾ?"

"ಎಲ್ಲಿ ಬಂತು? ರೆಜಿನಾ ತನ್ನ ಸೀರೆ ಕತ್ತರಿಸಿ ಲೂರ್ದುಗೆ ಫ್ರಾಕ್ ಹೊಲಿದ್ಲು."

"ಅಂಥವಳ ಮೇಲೆ ಈ ಭಾರ ಹೊರಿಸಿದ್ದೀಯ" ಎಂದರು ಗುರುವಮ್ಮ. "ಇಳಿಸು. ತಾನೇ ಇಳಿಸಿಕೊಳ್ಳೋಣ ಅಂದ್ರೆ ಈಗ ಅವಳಿಗೆ ಕೈಯಿಲ್ಲ."

"ಇಳಿಸ್ತೀನಿ. ಆದರೆ ಬರಿಗೈಲಿ ಹಬ್ಬ ಮಾಡೋದು ಹೇಗೆ? ಅದನ್ನಾದ್ರೂ ಹೇಳಿಕೊಡಿ."

"ಅದು ನನಗೆ ಗೊತ್ತಿಲ್ಲಪ್ಪ. ನಾನು ಸಂಸಾರ ಮಾಡಿದವಳಲ್ಲ."

ಅವರು ಕೋಲೂರಿಕೊಂಡು ಹೊಳೆಯ ಕಡೆ ಹೊರಟುಹೋದರು.

ಅವತ್ತು ಅವನಿಗೆ ಮಕ್ಕಳ ಮುಂದೆ ನಿಜ ಹೇಳಲಾಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ಮಾತು ಬಾಯಿವರೆಗೆ ಬರುತ್ತಿತ್ತು, ಲೂರ್ದು ತಟ್ಟೆ ತಂದು ಮುಂದಿಡುತ್ತಿದ್ದಳು, ಅನ್ನದ ಜೊತೆ ಅವನು ಅದನ್ನೂ ನುಂಗುತ್ತಿದ್ದ.

ಹಬ್ಬದ ಹಿಂದಿನ ದಿನ ಬೆಳಗ್ಗೆ ಸವರಿ ಕಿಟಕಿಯ ಹತ್ತಿರ ನಿಂತಿದ್ದ. ಎದುರುಮನೆಯವರು ಗೋದಲಿ ಕಟ್ಟುತ್ತಿದ್ದರು. ಹುಲ್ಲಿನ ಮಾಡು, ಮಣ್ಣಿನ ದನ, ಕುರಿ. ಹುಡುಗ ಕಂಬಿಗೆ ಹಣೆ ಒತ್ತಿ ನೋಡುತ್ತಿದ್ದ. ತಟ್ಟನೆ ಏನೋ ನೆನಪಾದವನಂತೆ ಹಿಂದೆ ತಿರುಗಿ ಅಮ್ಮನ ಫೋಟೋ ನೋಡಿದ. ಸಿಕ್ಕಿಬಿದ್ದವನ ಹಾಗೆ ಕಿಟಕಿ ಮುಚ್ಚಿಬಿಟ್ಟ.

ಅದನ್ನು ನೋಡಿ ಇನ್ನಾಸಪ್ಪನಿಗೆ ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ಇಬ್ಬರನ್ನೂ ಹತ್ತಿರ ಕರೆದ.

"ಅಮ್ಮ ಬೇಡ ಅನ್ನಲಿಲ್ಲ ಕಣೋ. ಅಮ್ಮ ಯಾವತ್ತೂ ಬೇಡ ಅಂದವಳಲ್ಲ. ನನ್ನ ಹತ್ರ ದುಡ್ಡಿಲ್ಲ. ಅದಕ್ಕೆ ಹಬ್ಬ ಇಲ್ಲ ಅಂದೆ. ನಾನು ಸುಳ್ಳು ಹೇಳಿದೆ."

ಸವರಿ ಅವನ ಬಾಯನ್ನೇ ನೋಡುತ್ತಿದ್ದ.

"ಅಮ್ಮನಿಗೆ ನನ್ನ ಮೇಲೆ ಕೋಪ ಇಲ್ವಾ?"

"ಇಲ್ಲ."

"ಗೋದಲಿ ನೋಡಿದ್ರೂ?"

"ನೋಡಿದ್ರೂ."

ಆಗ ಹುಡುಗ ಅತ್ತ. ನಕ್ಷತ್ರ ಬೇಕು ಅಂತ ಅತ್ತ, ಬಲೂನು ಬೇಕು ಅಂತ ಅತ್ತ, ಎದುರುಮನೆಯ ಕುರಿಮರಿಯಂಥದೇ ಬೇಕು ಅಂತ ಅತ್ತ. ಕೊನೆಗೆ ಅಮ್ಮ ಬೇಕು ಅಂದ. ಅಮ್ಮನನ್ನು ಮಣ್ಣು ಮಾಡಿದ ದಿನವೂ ಆ ಹುಡುಗ ಹೀಗೆ ಅತ್ತಿರಲಿಲ್ಲ.

"ಸುಮ್ಮನಿರೋ, ಅಪ್ಪನಿಗೆ ಬೇಜಾರಾಗ್ತದೆ" ಎಂದು ಲೂರ್ದು ಗದರಿದಳು. ಅಷ್ಟರಲ್ಲೇ ಅವಳ ದನಿ ಒಡೆಯಿತು.

"ನನಗೆ ಗೊತ್ತಿತ್ತು ಅಪ್ಪ. ಅಕ್ಕಿ ಡಬ್ಬ ನಾನೇ ತಾನೆ ನೋಡೋದು? ಅದಕ್ಕೆ ಏನೂ ಬೇಡ ಅನ್ನು ಅಂತ ಇವನಿಗೂ ಹೇಳಿಕೊಟ್ಟೆ."

ಇನ್ನಾಸಪ್ಪ ಇಬ್ಬರನ್ನೂ ತೊಡೆಯ ಮೇಲೆ ಎಳೆದುಕೊಂಡು ಕೂತ. ಅಳುವಿನ ಸದ್ದು ಗಲ್ಲಿಯ ಆಚೆಗೂ ಹೋಗಿರಬೇಕು. ಯಾರೂ ಬಂದು ಬಾಗಿಲು ತಟ್ಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲೂರ್ದು ಮುಖ ತೊಳೆದು, ಡಬ್ಬದ ತಳದಲ್ಲಿದ್ದ ಗೋಧಿಹಿಟ್ಟು ಸುರಿದಳು. "ಕಲ್ಕಲ ಮಾಡೋಣ. ಅಮ್ಮ ಹಬ್ಬಕ್ಕೆ ಬಾಚಣಿಗೆ ಮೇಲೆ ಉರುಳಿಸಿ ಎಣ್ಣೇಲಿ ಕರೀತಿದ್ಲು, ನಾನು ನೋಡಿದ್ದೀನಿ."

ಬಾಚಣಿಗೆ ತೊಳೆದು ಒರೆಸಿದರು. ಹಿಟ್ಟಿಗೆ ಬೆಲ್ಲದ ಪುಡಿ ಸೇರಿಸಿ ಕಲಸಿದರು. ಸವರಿ ಉಂಡೆ ಮಾಡಿಕೊಟ್ಟ, ಲೂರ್ದು ಬಾಚಣಿಗೆಯ ಹಲ್ಲಿಗೆ ಒತ್ತಿ ಉರುಳಿಸಿದಳು. ರೆಜಿನಾ ಮಾಡುತ್ತಿದ್ದವು ಪುಟ್ಟ ಶಂಖದ ಹಾಗಿರುತ್ತಿದ್ದವು. ಇವು ಯಾವುದರ ಹಾಗೂ ಇರಲಿಲ್ಲ. ಎಣ್ಣೆ ಕಡಿಮೆಯಾಗಿ ಕೆಲವು ಸೀದವು. ಇನ್ನಾಸಪ್ಪ ಬೆಂಕಿಯ ಮುಂದೆ ಕೂತು ಒಂದೊಂದಾಗಿ ತೆಗೆದ. ನಡುನಡುವೆ ಹೆಂಡತಿಯನ್ನು ಕೇಳಲು ತಲೆ ತಿರುಗಿಸುತ್ತಿದ್ದ.

ಕ್ರಿಸ್ಮಸ್ ದಿನ ಬೆಳಗಿನ ಪೂಜೆಗೆ ಹೋದರು. ಒಗೆದ ಹಳೆಯ ಬಟ್ಟೆ. ಚರ್ಚಿನ ಅಂಗಳದಲ್ಲಿ ಜನ ಕೈ ಕುಲುಕಿ ಹಬ್ಬದ ಶುಭಾಶಯ ಹೇಳಿಕೊಂಡು ಅವರವರ ಮನೆಗೆ ಹೋದರು. ಇವರು ರೆಜಿನಾಳ ಸಮಾಧಿಯ ಹತ್ತಿರ ಸ್ವಲ್ಪ ಹೊತ್ತು ನಿಂತರು. ಸವರಿ ಅಲ್ಲಿ ಒಂದು ಕಲ್ಕಲ ಇಟ್ಟ. ಆಮೇಲೆ ಮೂವರೂ ಹೊಳೆಯ ದಡಕ್ಕೆ ನಡೆದರು.

ಆಶ್ರಮದಲ್ಲಿ ಗುರುವಮ್ಮ ಹೊಂಗೆ ಮರದ ಕೆಳಗೆ ಒಬ್ಬರೇ ಕೂತಿದ್ದರು. ಬೆಳಗ್ಗೆ ಯಾರೋ ತಂದಿಟ್ಟುಹೋದ ಕೇಕಿನ ಪೊಟ್ಟಣ ಬಿಚ್ಚದೆ ಪಕ್ಕದಲ್ಲಿತ್ತು. ಲೂರ್ದು ಕಲ್ಕಲ ಕೊಟ್ಟಳು. ಅವರು ಒಂದನ್ನು ಕಚ್ಚಿದರು.

"ಗಟ್ಟಿ" ಎಂದರು. ಬಾಯಲ್ಲಿಟ್ಟುಕೊಂಡು ನಿಧಾನವಾಗಿ ನೆನೆಸುತ್ತ ತಿಂದರು. ಕೇಕಿನ ಪೊಟ್ಟಣವನ್ನು ಮಕ್ಕಳ ಕೈಗೆ ಕೊಟ್ಟರು. ಅವರಿಬ್ಬರೂ ಅದನ್ನು ಹಿಡಿದು ನೀರಿನ ಕಡೆ ಓಡಿದರು.

ಇನ್ನಾಸಪ್ಪ ಚಾಪೆಯ ಅಂಚಿನಲ್ಲಿ ಕೂತ.

"ಹೇಳಿದೆ ಗುರುವಮ್ಮ. ನಿಜ ಹೇಳಿದ ಮೇಲೆ ಮನಸ್ಸು ಹಗುರ ಆಗ್ತದೆ ಅಂದ್ಕೊಂಡಿದ್ದೆ. ಆಗಲಿಲ್ಲ. ಇವತ್ತು ಎದ್ದಾಗಲೂ ಹುಡುಗ ಅತ್ತ. ಅವಳು ಕೂರ್ತಿದ್ದ ಜಾಗ ಹಂಗೇ ಖಾಲಿ ಇದೆ."

"ಹೂಂ."

"ಇಷ್ಟು ಸದ್ದಿಲ್ಲದ ಹಬ್ಬ ನಾನು ಕಂಡೇ ಇಲ್ಲ. ನೀವು ಇಷ್ಟು ವರ್ಷದಿಂದ ಈ ದಿನ ಒಬ್ಬರೇ ಹೇಗೆ ಕಳೀತೀರಿ?"

ಗುರುವಮ್ಮ ಹೊಳೆಯ ಕಡೆ ನೋಡಿದರು. ಸವರಿ ಏನನ್ನೋ ಬೇಕೆಂದು ಅಕ್ಕನ ಜೊತೆ ಜಗಳ ಆಡುತ್ತಿದ್ದ. ಅವನ ಗಲಾಟೆ ನೀರಿನ ಮೇಲೆ ಹಾದು ಆಚೆ ದಡದವರೆಗೂ ಹೋಗುತ್ತಿತ್ತು. ಅವರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಇವತ್ತಿನ ಪಾಠ ಇಷ್ಟೇ ಇರಬೇಕು ಎಂದುಕೊಂಡು ಇನ್ನಾಸಪ್ಪ ಮಕ್ಕಳನ್ನು ಕರೆಯಲು ಎದ್ದ.

ಗುರುವಮ್ಮ ಅವನ ಕೈ ಹಿಡಿದರು.

"ಕತ್ತಲಾಗೋವರೆಗೂ ಇರಿ, ಇನ್ನಾಸಪ್ಪ. ಇದೊಂದು ನಾನೂ ಕೇಳ್ತಿದ್ದೀನಿ."