ಮೊಟ್ಟೆ ಇಳಿಸಿದ ಮೇಲೆ

“ಸಿಗ್ನಲ್ ನಂದು, ದಾರಿ ನಂದು, ತಪ್ಪು ಅವನದು. ನಾನ್ಯಾಕೆ ಬ್ರೇಕ್ ಹಿಡೀಬೇಕಿತ್ತು ಉಸ್ತಾದ್?”

ನಿಂಗರಾಜು ಹೀಗೆ ಕೇಳಿದಾಗ ಉಸ್ತಾದ್ ಜವರಪ್ಪನವರು ಅವನ ಬಲಗೈಯ ಮಣಿಕಟ್ಟನ್ನು ಒತ್ತಿ ನೋಡುತ್ತಿದ್ದರು. ಆ ಗರಡಿಯಲ್ಲಿ ಕುಸ್ತಿಯ ಪಟ್ಟು ಕಲಿಸುವವರೂ ಅವರೇ, ಉಳುಕು ತೆಗೆಯುವವರೂ ಅವರೇ. ಮಣಿಕಟ್ಟು ಬಾತಿತ್ತು. ಮೊಣಕೈಯ ಚರ್ಮ ಕಿತ್ತುಹೋಗಿತ್ತು.

ನಡೆದದ್ದು ಇಷ್ಟು. ಗರಡಿಗೆ ಬರುವ ದಾರಿಯಲ್ಲಿ ನಾಲ್ಕು ರಸ್ತೆ ಕೂಡುವ ಒಂದು ಸರ್ಕಲ್ ಇದೆ. ಬೆಳಿಗ್ಗೆ ಹಸಿರು ದೀಪ ಬಿದ್ದ ಮೇಲೆ ನಿಂಗರಾಜು ಬೈಕಿನಲ್ಲಿ ನೇರ ಹೊರಟ. ಎದುರಿನಿಂದ ಬಂದ ಕಾರು ಕಾಯದೆ ಬಲಕ್ಕೆ ತಿರುಗಿತು. ನಿಂಗರಾಜು ಹಾರ್ನ್ ಒತ್ತಿದ, ಬ್ರೇಕ್ ಹಿಡಿಯಲಿಲ್ಲ. ಕಾರಿನ ಹಿಂಬದಿಗೆ ತಾಗಿ ಬಿದ್ದ. ಕಾರು ನಿಲ್ಲದೆ ಹೋಯಿತು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು.

ದಸರಾ ಕುಸ್ತಿಗೆ ಜೋಡಿ ಕಟ್ಟುವುದು ಬರುವ ಭಾನುವಾರ. ಹಿರಿಯ ಉಸ್ತಾದರೆಲ್ಲ ಕೂತು, ತೂಕ ನೋಡಿ, ಅನುಭವ ನೋಡಿ, ಯಾರಿಗೆ ಯಾರು ಜೋಡಿ ಎಂದು ಗೊತ್ತುಮಾಡುವ ದಿನ ಅದು. ಈ ವರ್ಷ ಮೊದಲ ಸಲ ನಿಂಗರಾಜುವೂ ಅಲ್ಲಿ ನಿಲ್ಲಬೇಕಾಗಿತ್ತು. ಉಸ್ತಾದರು ಅವನ ಕೈಯನ್ನು ಮೆಲ್ಲಗೆ ಕೆಳಗಿಟ್ಟು, “ಮೂಳೆ ಮುರಿದಿಲ್ಲ. ಆದ್ರೆ ಈ ವರ್ಷ ನಿನಗೆ ದಸರಾ ಇಲ್ಲ,” ಎಂದರು.

ನಿಂಗರಾಜುವಿನ ಮುಖ ಕೆಂಪಾಯಿತು. “ತಪ್ಪು ಮಾಡಿದೋನು ಆರಾಮಾಗಿ ಮನೆಗೆ ಹೋದ. ನನಗೆ ದಸರಾ ಹೋಯ್ತು. ಇನ್ಮೇಲೆ ನಾನೂ ಅಷ್ಟೇ, ಯಾವನಿಗೂ ದಾರಿ ಬಿಡಲ್ಲ. ಮಟ್ಟೀಲಿ ಹಿಂದಕ್ಕೆ ಸರಿದ್ರೆ ಸೋಲು ಅಂತ ನೀವೇ ಹೇಳ್ಕೊಟ್ಟಿದ್ದು ಉಸ್ತಾದ್.”

“ಹೇಳ್ಕೊಟ್ಟಿದ್ದೆ, ಇಲ್ಲ ಅನ್ನಲ್ಲ. ಜೋಡಿ ಕಟ್ಟದೆ ಮಟ್ಟಿಗೆ ಇಳೀಬೇಡ ಅಂತಲೂ ಹೇಳ್ಕೊಟ್ಟಿದ್ದೆ. ನಿನ್ನ ತೂಕ ಎಷ್ಟು, ಆ ಕಾರಿನ ತೂಕ ಎಷ್ಟು? ನಿಮ್ಮಿಬ್ಬರಿಗೂ ಜೋಡಿ ಕಟ್ಟಿದ ಪುಣ್ಯಾತ್ಮ ಯಾರಪ್ಪ?”

ಕುಸ್ತಿಯಾಡುವ ಮಟ್ಟಿಯ ಕೆಂಪು ಮಣ್ಣನ್ನು ಹದಮಾಡುತ್ತಿದ್ದ ಹುಡುಗರು ನಕ್ಕರು. ನಿಂಗರಾಜು ನಗಲಿಲ್ಲ.

“ನೀವು ಹಿಂದೆ ಕೂತಾಗ ಯಾವತ್ತಾದ್ರೂ ಹಿಂಗೆ ಓಡಿಸಿದೀನಾ? ಎಲ್ಲರಿಗೂ ದಾರಿ ಬಿಟ್ಕೊಂಡೇ ಹೋಗ್ತೀನಿ. ಇವತ್ತು ನಾನು ಒಬ್ಬನೇ ಇದ್ದೆ.”

ಆ ಮಾತು ನಿಜ. ಉಸ್ತಾದರನ್ನು ಕೂರಿಸಿಕೊಂಡರೆ ಅವನ ಬೈಕು ಮದುವೆ ಮೆರವಣಿಗೆಯ ಹಾಗೆ ಹೋಗುತ್ತಿತ್ತು. ಹುಡುಗ ಇದೇ ಸಿಟ್ಟಿನಲ್ಲಿ ಮತ್ತೆ ರಸ್ತೆಗಿಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು, ಹೆದರಿಕೆಯೂ ಆಗಿತ್ತು. ಎಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, ಅವನ ಕೈ ನೀವುತ್ತ ಒಂದು ಕತೆ ಹೇಳಿದರು.

ಒಬ್ಬ ಮೊಟ್ಟೆ ವ್ಯಾಪಾರಿ ಇದ್ದ. ಊರಾಚೆಯ ಕೋಳಿ ಫಾರಂನಿಂದ ಮೊಟ್ಟೆ ತಂದು ಪೇಟೆಯ ಅಂಗಡಿಗಳಿಗೆ ಹಾಕುವುದು ಅವನ ಕೆಲಸ. ಇದ್ದದ್ದು ಒಂದು ಮೋಟಾರ್ ಸೈಕಲ್ಲು. ಹಿಂದಿನ ಸೀಟಿಗೆ ಅಡ್ಡ ಹಲಗೆ, ಹಲಗೆಯ ಮೇಲೆ ಒಂದರ ಮೇಲೊಂದು ಮೊಟ್ಟೆಯ ಟ್ರೇ, ಅದಕ್ಕೆ ಸೈಕಲ್ ಟ್ಯೂಬಿನ ಕಟ್ಟು.

ಶುರುವಿನಲ್ಲಿ ಅವನೂ ಎಲ್ಲರ ಹಾಗೇ ಓಡಿಸಿದ. ಯಾರಾದರೂ ಅಡ್ಡ ಬಂದರೆ ಗಕ್ಕನೆ ಬ್ರೇಕ್ ಹಿಡಿದ. ಅಂಗಡಿಯ ಮುಂದೆ ಕಟ್ಟು ಬಿಚ್ಚಿದರೆ ಕೆಳಗಿನ ಟ್ರೇಗಳಿಂದ ಲೋಳೆ ಸೋರುತ್ತಿತ್ತು. ತಪ್ಪು ತನ್ನದಲ್ಲ, ಬಸ್ಸಿನವನದು, ಆಟೋದವನದು ಎಂದು ಅವನು ಹೇಳಿ ನೋಡಿದ. ಅಂಗಡಿಯವರು, “ಇರಬಹುದು ಕಣಯ್ಯ, ಆದರೆ ನೀನು ಆಮ್ಲೆಟ್ ಮಾಡ್ಕೊಂಡೇ ಬಂದಿದೀಯಲ್ಲ,” ಎಂದು ಛೇಡಿಸಿದರು. ಯಾರ ತಪ್ಪಿನಿಂದ ಒಡೆದರೂ ಒಡೆದ ಮೊಟ್ಟೆ ಒಡೆದ ಮೊಟ್ಟೆಯೇ.

ಅವನು ಕೂತು ಯೋಚಿಸಿದ. ಗಕ್ಕನೆ ಬ್ರೇಕ್ ಹಿಡಿದರೆ ಮೊಟ್ಟೆ ಒಡೆಯುತ್ತದೆ. ಹಿಡಿಯದಿದ್ದರೆ ತಾನೇ ಒಡೆಯುತ್ತೇನೆ. ಹಾಗಾದರೆ ಗಕ್ಕನೆ ಹಿಡಿಯುವ ಪ್ರಸಂಗವೇ ಬರಬಾರದು. ಬರುವುದನ್ನು ದೂರದಿಂದಲೇ ಕಾಣಬೇಕು. ಇದು ಹೊಳೆದ ಮೇಲೆ ಅವನು ರಸ್ತೆ ನೋಡುವ ರೀತಿಯೇ ಬೇರೆಯಾಯಿತು.

ಕಾರಿನ ಇಂಡಿಕೇಟರನ್ನು ನಂಬುವುದು ಬಿಟ್ಟ, ಅದರ ಮುಂದಿನ ಚಕ್ರ ನೋಡತೊಡಗಿದ. ದೀಪ ಏನಾದರೂ ಹೇಳಲಿ, ಚಕ್ರ ಹೊರಳಿದ ಕಡೆಗೇ ಕಾರು ಹೋಗುವುದು. ಇಷ್ಟು ಹೇಳಿ ಉಸ್ತಾದರು ಮಟ್ಟಿಯಲ್ಲಿದ್ದ ಹುಡುಗರ ಕಡೆ ತಿರುಗಿ, “ಎದುರಾಳಿ ಕಣ್ಣು ನೋಡ್ಬೇಡ್ರೋ, ಸೊಂಟ ನೋಡ್ರೋ ಅಂತ ದಿನಾ ಬಡ್ಕೋತೀನಲ್ಲ, ಅದೇ ಇದು,” ಎಂದರು. ಆಮೇಲೆ ಕತೆ ಮುಂದುವರಿಸಿದರು.

ಮುಂದೆ ಆಟೋ ಹೋಗುತ್ತಿದ್ದರೆ ವ್ಯಾಪಾರಿ ಆಟೋವನ್ನು ನೋಡುತ್ತಿರಲಿಲ್ಲ, ರಸ್ತೆಯ ಅಂಚಿನಲ್ಲಿ ಯಾರಾದರೂ ಕೈ ಎತ್ತಿದ್ದಾರೆಯೇ ಎಂದು ನೋಡುತ್ತಿದ್ದ. ಕೈ ಎತ್ತಿದವರು ಕಂಡರೆ ಆಟೋ ಅಲ್ಲೇ ನಿಲ್ಲುತ್ತದೆ, ಹಿಂದೆ ದೇವರೇ ಬರುತ್ತಿದ್ದರೂ ಸರಿ. ನಿಂತ ಕಾರಿನೊಳಗೆ ಒಂದು ತಲೆ ಕಂಡರೆ ಇನ್ನೇನು ಬಾಗಿಲು ತೆರೆಯುತ್ತದೆ ಎಂದುಕೊಂಡು ದೂರ ಸರಿಯುತ್ತಿದ್ದ. ಲಾರಿಯ ಪಕ್ಕದಲ್ಲಿ ಸಮಸಮ ಹೋಗುತ್ತಲೇ ಇರಲಿಲ್ಲ. ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖ ತನಗೆ ಕಾಣದಿದ್ದರೆ ತಾನೂ ಅವನಿಗೆ ಕಾಣುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ‘ತಾಳಿದವನು ಬಾಳಿಯಾನು’ ಎಂದು ಆ ಲಾರಿಯ ಹಿಂದೆಯೇ ಬರೆದಿರುತ್ತದೆ. ಬರೆಸಿದವನು ತಾಳುವುದಿಲ್ಲ, ಓದಿದವನಾದರೂ ತಾಳಬೇಕು.

ಹಸಿರು ದೀಪ ಬಿದ್ದ ಮೇಲೂ ಅವನು ಎಡಬಲ ನೋಡಿಯೇ ಹೊರಡುತ್ತಿದ್ದ. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. “ಏನಜ್ಜಿ, ಹೊರಡೋ ಮನಸ್ಸಿಲ್ವಾ?” ಎಂದು ಕೂಗುತ್ತಿದ್ದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಟ್ಟೆ ಒಡೆಯುವುದು ನಿಂತಿತು. ಪೇಟೆಯಲ್ಲಿ ಅವನಿಗೆ ಒಳ್ಳೆಯ ಹೆಸರು ಬಂತು.

ಅವನ ದಾರಿಯ ಒಂದು ಸರ್ಕಲ್ಲಿನಲ್ಲಿ ಒಬ್ಬ ಟೀ ಅಂಗಡಿಯವನಿದ್ದ. ಒಂದು ಬೆಳಿಗ್ಗೆ ಅವನ ಕಣ್ಣೆದುರಿಗೇ ಕಾರೊಂದು ವ್ಯಾಪಾರಿಯ ಮೈಮೇಲೆ ಬಂದ ಹಾಗೆ ಬಂತು. ವ್ಯಾಪಾರಿ ಮೊದಲೇ ಆಕ್ಸಿಲರೇಟರಿನ ಕೈ ಸಡಿಲಿಸಿದ್ದ, ನಿಂತ, ಕಾರನ್ನು ಹೋಗಗೊಟ್ಟ.

“ಅವನು ಮೇಲೇ ಬಂದ, ನೀನು ಸುಮ್ನೆ ಬಿಟ್ಟೆಯಲ್ಲ. ಸಿಟ್ಟು ಬರಲ್ವೇನಯ್ಯ ನಿನಗೆ?” ಎಂದು ಟೀ ಅಂಗಡಿಯವನು ಕೇಳಿದ.

“ಬರುತ್ತಣ್ಣ. ಮೊಟ್ಟೆ ಇಳಿಸಿದ ಮೇಲೆ ಬರುತ್ತೆ.”

ಟೀ ಅಂಗಡಿಯವನು ನಕ್ಕ. ವ್ಯಾಪಾರಿ ತಮಾಷೆಗೆ ಹೇಳಿರಲಿಲ್ಲ, ಇದ್ದದ್ದನ್ನೇ ಹೇಳಿದ್ದ.

ಮಧ್ಯಾಹ್ನ ಕೊನೆಯ ಅಂಗಡಿಗೆ ಮೊಟ್ಟೆ ಹಾಕಿ, ಖಾಲಿ ಟ್ರೇ ಕಟ್ಟಿಕೊಂಡು ತಿರುಗಿದರೆ ಅವನು ಬೇರೆಯೇ ಮನುಷ್ಯ. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಆಗ ಮೇಲಕ್ಕೆ ಬರುತ್ತಿತ್ತು. ಬೆಳಿಗ್ಗೆ ಅಡ್ಡ ಬಂದವನ ಮೇಲಿನ ಸಿಟ್ಟನ್ನು ಮಧ್ಯಾಹ್ನ ಎದುರು ಸಿಕ್ಕವನ ಮೇಲೆ ತೀರಿಸುತ್ತಿದ್ದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಕೊತ್ತಿ ಅವನಿಗಿಂತ ದೊಡ್ಡದು. ಬಸ್ಸಿನ ಜೊತೆ ಪೈಪೋಟಿಗೆ ಬೀಳುತ್ತಿದ್ದ. ದಾರಿ ಬಿಡದ ಕಾರನ್ನು ಅಟ್ಟಿಸಿಕೊಂಡು ಹೋಗಿ ಅದರ ಗಾಜಿಗೆ ಗುದ್ದುತ್ತಿದ್ದ. ಟೀ ಅಂಗಡಿಯವನು ಅದನ್ನೂ ಒಂದು ದಿನ ನೋಡಿದ. “ಬೆಳಿಗ್ಗೆ ಬಂದಿದ್ದ ಆ ಮನುಷ್ಯ ಎಲ್ಲಿ ಹೋದನಯ್ಯ?” ಎಂದು ಕೇಳಿದ.

“ಈಗ ಹಿಂದೆ ಏನಿದೆ ಅಣ್ಣ, ಒಡೆಯೋಕೆ?” ಎಂದ ವ್ಯಾಪಾರಿ.

ಮಧ್ಯಾಹ್ನದ ಮೇಲೆ ಅವನಿಗೆ ಬೆಳಗಿನ ಬುದ್ಧಿ ಬರುತ್ತಿದ್ದದ್ದು ಒಂದೇ ಸಂದರ್ಭದಲ್ಲಿ, ಹಲಗೆ ಬಿಚ್ಚಿಟ್ಟು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡಾಗ. ಆಗ ಅವನು ಹಳ್ಳ ತಪ್ಪಿಸುತ್ತಿದ್ದ, ಎಲ್ಲರನ್ನೂ ಮುಂದೆ ಹೋಗಗೊಡುತ್ತಿದ್ದ. “ನಮ್ಮೆಜಮಾನ್ರು ನನ್ನ ಮೊಟ್ಟೆ ಥರ ಕರ್ಕೊಂಡು ಹೋಗ್ತಾರೆ,” ಎಂದು ಅವಳು ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಅದರಲ್ಲಿ ಹೆಮ್ಮೆ. ಒಬ್ಬನೇ ಇದ್ದಾಗ ಅವನು ಹೇಗೆ ಓಡಿಸುತ್ತಾನೆ ಎಂದು ಅವಳು ನೋಡಿರಲಿಲ್ಲ.

ಒಂದು ಮಧ್ಯಾಹ್ನ ಅದೇ ಸರ್ಕಲ್ಲಿನಲ್ಲಿ ಅವನಿಗೆ ಹಸಿರು ದೀಪವಿತ್ತು. ಎಡಗಡೆಯ ರಸ್ತೆಯಿಂದ ಒಂದು ಕಾರು ಬರುತ್ತಿತ್ತು. ಓಡಿಸುವವನ ಕಣ್ಣು ಕೈಯಲ್ಲಿದ್ದ ಫೋನಿನ ಮೇಲಿತ್ತು. ಕಾರು ನಿಲ್ಲುವ ಹಾಗೆ ಕಾಣಲಿಲ್ಲ.

ವ್ಯಾಪಾರಿ ಅದನ್ನು ನೋಡಿದ. ನೋಡಲಿಲ್ಲ ಎಂದು ಯಾರೂ ತಿಳಿಯಬೇಡಿ. ವರ್ಷಗಟ್ಟಲೆ ಪಳಗಿದ ಕಣ್ಣು ಅದು, ಚಕ್ರವನ್ನೂ ನೋಡಿತು, ಫೋನನ್ನೂ ನೋಡಿತು. ಬೆಳಿಗ್ಗೆ ಆಗಿದ್ದರೆ ಅವನ ಕೈ ತಾನಾಗಿ ಸಡಿಲಾಗುತ್ತಿತ್ತು. ಕಾರು ಮೊದಲು ಹೋಗುತ್ತಿತ್ತು, ಅವನು ಆಮೇಲೆ ಹೋಗುತ್ತಿದ್ದ, ಅಷ್ಟೇ. ಆದರೆ ಮೊಟ್ಟೆ ಇಳಿಸಿಯಾಗಿತ್ತು. ದಾರಿ ನನ್ನದು, ನಿಲ್ಲುವುದಾದರೆ ಅವನು ನಿಲ್ಲಲಿ ಎಂದುಕೊಂಡು ಮುಂದೆ ಹೋದ.

ಕಾರಿನವನು ನಿಲ್ಲಲಿಲ್ಲ. ಅವನು ಇವನನ್ನು ಕಂಡೇ ಇರಲಿಲ್ಲ. ತನ್ನನ್ನು ಕಾಣದವನ ಜೊತೆ ಇವನು ಹಟ ಹಿಡಿದಿದ್ದ.

ಸಂಜೆ ಆಸ್ಪತ್ರೆಯಲ್ಲಿ ವ್ಯಾಪಾರಿ ತೀರಿಕೊಂಡ. ಸರ್ಕಲ್ಲಿನಲ್ಲಿದ್ದವರೆಲ್ಲ ಅವನ ಪರವಾಗಿಯೇ ಸಾಕ್ಷಿ ಹೇಳಿದರು. ತಪ್ಪು ಕಾರಿನವನದೇ ಎಂದು ಪೊಲೀಸರೂ ಬರೆದುಕೊಂಡರು. ಎಷ್ಟೋ ಕಾಲದ ಮೇಲೆ ಕೋರ್ಟೂ ಅದನ್ನೇ ಹೇಳಿತು. ಅದನ್ನು ಕೇಳಿಸಿಕೊಳ್ಳುವುದಕ್ಕೆ ಅವನಿರಲಿಲ್ಲ.

ಅವನ ಗಾಡಿಯ ಹಿಂದಿದ್ದ ಖಾಲಿ ಟ್ರೇಗಳನ್ನು ಯಾರೋ ತಂದು ಮನೆಯ ಮುಂದೆ ಇಟ್ಟಿದ್ದರು. ಕಟ್ಟು ಕಟ್ಟಿದ ಹಾಗೇ ಇತ್ತು. ಒಂದು ಟ್ರೇಯೂ ಹರಿದಿರಲಿಲ್ಲ. ಕೋಳಿ ಫಾರಂನ ಮಾಲೀಕ ಮಾತನಾಡಿಸಲು ಬಂದ. ಒಳ್ಳೆಯ ಮನುಷ್ಯ, ಆದರೆ ಅಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಯಾರಿಗೆ ತೋಚುತ್ತದೆ? ಟ್ರೇಗಳನ್ನು ನೋಡಿದ. “ಏನೋ ಪುಣ್ಯ ಕಣಮ್ಮ, ಗಾಡಿ ಖಾಲಿ ಇತ್ತು,” ಎಂದ.

ವ್ಯಾಪಾರಿಯ ಹೆಂಡತಿ ತಲೆಯೆತ್ತಿ ಅವನನ್ನು ನೋಡಿದಳು.

ಉಸ್ತಾದರು ಕತೆ ನಿಲ್ಲಿಸಿದರು. ಹುಡುಗರು ಮಣ್ಣು ಹದಮಾಡುವುದನ್ನು ಬಿಟ್ಟು ಯಾವಾಗಲೋ ಹತ್ತಿರ ಬಂದು ಕೂತಿದ್ದರು. ನಿಂಗರಾಜು ಬಾತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಅವನೊಳಗಿನ ಹಟ ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಆದ್ರೂ ಉಸ್ತಾದ್, ತಪ್ಪು ಕಾರಿನೋನದೇ ತಾನೇ?”

“ಅವನದೇ. ನಿನ್ನ ಕೆಡವಿದೋನದೂ ತಪ್ಪೇ. ನಾನೆಲ್ಲಿ ಇಲ್ಲ ಅಂದೆ?”

ಉಸ್ತಾದರು ಬಟ್ಟೆಯ ಪಟ್ಟಿ ತೆಗೆದುಕೊಂಡು ಅವನ ಮಣಿಕಟ್ಟಿಗೆ ಸುತ್ತತೊಡಗಿದರು. ಬಿಗಿ ಹೆಚ್ಚಾಗದಂತೆ, ಸಡಿಲವೂ ಆಗದಂತೆ, ನಿಧಾನವಾಗಿ ಸುತ್ತಿದರು. ಕಟ್ಟಿ ಮುಗಿದ ಮೇಲೂ ಅವರು ಆ ಕೈಯನ್ನು ಬಿಡಲಿಲ್ಲ.

“ಆಗಲೇ ಒಬ್ಬನೇ ಇದ್ದೆ ಅಂದೆಯಲ್ಲ, ಆ ಒಬ್ಬನನ್ನ ತಯಾರು ಮಾಡೋಕೆ ನನಗೆ ಎಷ್ಟು ವರ್ಷ ಹಿಡೀತು ಗೊತ್ತೇನೋ?”